ಹಾಲಿನ ನಂಟು

"ಈ ಕೈ ಯಾರದು ಹೇಳಿ ಲಲ್ಲಾ."

ಚಾಮಾ ತನ್ನ ಒಡೆದ ಗಾಜಿನ ಫೋನನ್ನು ಕುಸ್ಕುಸ್ ತುಂಬಿದ ಹರಿವಾಣದ ಮೇಲೆಯೇ ಚಾಚಿದಳು. ನನ್ನ ಬೆರಳುಗಳ ನಡುವೆ ಬೆಂದ ಕುಂಬಳಕಾಯಿಯ ಹೋಳಿತ್ತು. ಫೋನಿನಲ್ಲಿ ಎರಡು ಕೈಗಳು, ಮೊಣಕೈವರೆಗೂ ಮದುಮಗಳ ಮೆಹೆಂದಿ. ಎಡಗೈ ಹೆಬ್ಬೆರಳ ಬುಡದಲ್ಲಿ ಮೆಹೆಂದಿಯೂ ಮುಚ್ಚಲಾರದ ಒಂದು ಸುಟ್ಟ ಕಲೆ.

"ನನಗೇನು ಕೈ ನೋಡಿ ಭವಿಷ್ಯ ಹೇಳೋಕೆ ಬರುತ್ತಾ? ನೀನೇ ಹೇಳು," ಎಂದೆ.

"ಹಸ್ನಾದು. ಬಸ್ ನಿಲ್ದಾಣದ ಹಿಂದೆ ಡಬ್ಬದಲ್ಲಿ ಬೆಂಕಿ ಹಾಕ್ಕೊಂಡು ಮಲಗ್ತಿದ್ವಲ್ಲ, ಆವಾಗ ಸುಟ್ಕೊಂಡಿದ್ದು. ಟೂತ್‌ಪೇಸ್ಟ್ ಬಳಿದವಳು ನಾನೇ. ಮೆಹೆಂದಿ ಹಾಕೋಳು ತನ್ನ ಕೈಚಳಕ ಊರಿಗೆಲ್ಲ ತೋರ್ಸೋಕೆ ಫೋನಲ್ಲಿ ಹಾಕಿದಾಳೆ. ಕೆಳಗೆ ಏನ್ ಬರ್ದಿದಾಳೆ ಓದಿ."

ಓದಿದೆ. ಶುಕ್ರವಾರ, ಇಳಿಹೊತ್ತಿನ ಅಸರ್ ನಮಾಜಿನ ನಂತರ, ಮರ್ಶಾನ್ ಬಡಾವಣೆಯಲ್ಲಿ, ಹಜ್ಜಾ ತಾಮು ಅವರ ಮಗ ಮರ್ವಾನನ ನಿಕಾಹ್.

ಶುಕ್ರವಾರ ಎಂದರೆ ಇವತ್ತೇ. ಆದರೆ ನಾನು ಕೈಯಲ್ಲಿದ್ದ ಹೋಳು ಕೆಳಗಿಟ್ಟದ್ದು ದಿನ ನೋಡಿ ಅಲ್ಲ, ಆ ಹೆಸರು ನೋಡಿ.

ನಾಲ್ಕು ತಿಂಗಳ ಹಿಂದೆ ಹಸ್ನಾಳನ್ನು ಈ ಮನೆಯಿಂದ ಕರೆದೊಯ್ದವಳು ಹಜ್ಜಾ ತಾಮು. ತಾನು ಅವಳ ಹಾಲುತಾಯಿ ಎಂದು ಹೇಳಿ ಕರೆದೊಯ್ದಿದ್ದಳು.

ಈ ಮನೆ ಎಂದರೆ ತಾಂಜಾ ನಗರದ ಸರ್ಕಾರಿ ಆಸರೆ ಮನೆ. ಊರಿನವರ ಬಾಯಲ್ಲಿ ಹಸಿರು ಬಾಗಿಲು. ಬಂದರಿನ ಗೋಡೆಯ ಕೆಳಗೆ, ಬಸ್ ನಿಲ್ದಾಣದ ಹಿಂದೆ ಮಲಗುವ ಹುಡುಗ ಹುಡುಗಿಯರಿಗೆ ಇಲ್ಲಿ ಬಿಸಿನೀರಿನ ಸ್ನಾನವಿದೆ, ಊಟವಿದೆ, ಹಾಸಿಗೆಯಿದೆ, ಹೊಲಿಗೆಯ ತರಗತಿಯಿದೆ. ಆ ಮಕ್ಕಳ ಮೇಲೆ ಕಣ್ಣಿಟ್ಟವರು ಬಹಳ ಜನ. ಅದಕ್ಕೇ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಒಂದು ಫಲಕವಿದೆ: 'ಪೊಲೀಸ್ ಹೆಂಗಸು ಬಂದು ಒಪ್ಪಿಗೆ ಕೇಳುವವರೆಗೆ ಯಾವ ಹುಡುಗಿಯೂ ಈ ಬಾಗಿಲು ದಾಟುವುದಿಲ್ಲ.'

ಆ ಪೊಲೀಸ್ ಹೆಂಗಸು ನಾನು, ಇಲ್ಲಿಯವರ ಬಾಯಲ್ಲಿ ಲಲ್ಲಾ, ಎಂದರೆ ಅಮ್ಮಾವ್ರು. ಇನ್ಸ್‌ಪೆಕ್ಟರ್ ಜುಬೈದಾ ತಮ್ಸಮಾನಿ. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಮಂಡಿ ಹೋಗಿದೆ, ನಾಲಿಗೆ ಇನ್ನೂ ಹೋಗಿಲ್ಲ.

ಹಸಿರು ಬಾಗಿಲಿನಿಂದ ನಂಟರ ಮನೆಗೆ ಹೋದರೆಂದು ಬರೆದಿದ್ದ ಇಬ್ಬರು ಹುಡುಗಿಯರು ಯಾವ ಮನೆಯಲ್ಲೂ ಇರಲಿಲ್ಲ. ಅವರಲ್ಲೊಬ್ಬಳು ಕಳೆದ ವಾರವಷ್ಟೇ ಸಮುದ್ರದಾಚೆಯ ಊರಿನ ಬೀಗ ಹಾಕಿದ ಮಹಡಿಯೊಂದರಲ್ಲಿ ಸಿಕ್ಕಿದ್ದಳು. ಹಸ್ನಾಳ ಹೆಸರು ಅಂದಿನಿಂದ ನನ್ನ ಪಟ್ಟಿಯಲ್ಲಿತ್ತು. ಮುಖ ಮಾತ್ರ ಎಷ್ಟು ತಡಕಿದರೂ ನೆನಪಾಗುತ್ತಿರಲಿಲ್ಲ. ವರ್ಷಕ್ಕೆ ಇನ್ನೂರು ಮುಖ ನೋಡುವವಳು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

"ಸಿದಿ ಲಹಬೀಬ್, ಹಸ್ನಾಳ ಕಡತ ತೆಗೀರಿ," ಎಂದೆ.

ಲಹಬೀಬ್ ಈ ಮನೆಯ ಮುಖ್ಯಸ್ಥ; ಅದಕ್ಕೇ 'ಸಿದಿ', ಯಜಮಾನರು. ಇರುವೆ ತುಳಿದರೂ ಕ್ಷಮೆ ಕೇಳುವ ಮನುಷ್ಯ. ನಮ್ಮೆದುರು ಕುಳಿತು ಅದೇ ಹರಿವಾಣದಿಂದ ಉಣ್ಣುತ್ತಿದ್ದವನು ಕೈ ಒರೆಸಿಕೊಂಡು ಎದ್ದ. ಹರಿವಾಣದ ಪಕ್ಕದಲ್ಲಿ, ಶುಕ್ರವಾರದ ರೂಢಿಯಂತೆ, ನನ್ನ ಸಹಿಗೆ ಕಾದಿದ್ದ ಹಾಳೆಗಳ ಕಟ್ಟನ್ನು ಸರಿಸಿ, ಕಪಾಟಿನಿಂದ ತೆಳ್ಳನೆಯ ಕಡತ ತಂದ. ಎರಡೇ ಹಾಳೆ. ಮೊದಲನೆಯದನ್ನು ತಾನೇ ಓದಿದ.

"'ಹುಡುಗಿಯ ತಾಯಿ ಹೆರಿಗೆಯಾದ ವಾರದಲ್ಲೇ ತೀರಿಕೊಂಡಳು. ಮೂರು ತಿಂಗಳು ನನ್ನ ಎದೆಹಾಲು ಕೊಟ್ಟು ಸಾಕಿದೆ. ದೇವರ ಮುಂದೆ ಆಕೆ ನನ್ನ ಮಗಳು, ನನ್ನ ಮಕ್ಕಳೆಲ್ಲ ಆಕೆಗೆ ಒಡಹುಟ್ಟಿದವರು. ಹಜ್ಜಾ ತಾಮು.' ಇಬ್ಬರು ಹೆಂಗಸರ ಸಾಕ್ಷಿ ಇದೆ."

"ಮಗ ಮರ್ವಾನನೂ ಒಡಹುಟ್ಟಿದವನೇ ತಾನೇ?" ಎಂದೆ.

ಲಹಬೀಬ್ ಹಾಳೆಯನ್ನು ಮತ್ತೆ ಮೇಲಿನಿಂದ ಓದಿದ. ಚಹಾ ತಂದ ಅಡುಗೆಯ ಘನ್ನು ಬಾಗಿಲಲ್ಲೇ ನಿಂತುಬಿಟ್ಟಳು.

"ಅಯ್ಯೋ," ಎಂದಳು ಘನ್ನು. "ಹಾಲಣ್ಣನ ಜೊತೆ ನಿಕಾಹಾ? ಒಂದೇ ಎದೆಹಾಲು ಕುಡಿದೋರಿಗೆ ಮದುವೆ ಹರಾಮಲ್ವಾ? ಆ ಮನೆ ಮೇಲೆ ಸಿಡಿಲು ಬೀಳಲ್ವಾ?"

ಹುಟ್ಟಿದ ಊರಿನಲ್ಲಿ ಹೆಸರೇ ಬರೆಸದ ಮಕ್ಕಳಿಗೆ ನಂಟರನ್ನು ಹುಡುಕುವುದು ಸುಲಭವಲ್ಲ. ಸರ್ಕಾರ ಕೊಡುವ ಕುಟುಂಬದ ಪುಸ್ತಕ ತೋರಿಸಿ ಎಂದರೆ ಪುಸ್ತಕವೇ ಇರುವುದಿಲ್ಲ. ಆರು ವರ್ಷದ ಹಿಂದೆ ಲಹಬೀಬ್ ಈ ಮನೆಯ ಸಮಿತಿಯ ಮುಂದೆ ನಿಂತು, ಹಾಲು ಕೊಟ್ಟವಳೂ ತಾಯಿಯೇ ಅಲ್ಲವೇ, ಅವಳಿಗೂ ಮಗುವನ್ನು ಕೊಡಿ ಎಂದು ವಾದಿಸಿ ಗೆದ್ದಿದ್ದ. ನಾನೂ ಚಪ್ಪಾಳೆ ತಟ್ಟಿದ್ದೆ. ಹಾಲಿನ ವಿಷಯದಲ್ಲಿ ನಮ್ಮ ಜನ ಸುಳ್ಳು ಹೇಳುವುದಿಲ್ಲ ಎಂದು ನಾವಿಬ್ಬರೂ ನಂಬಿದ್ದೆವು. ಹಣಕ್ಕೆ, ಹೊಲಕ್ಕೆ, ಗಂಡನಿಗೆ ಸುಳ್ಳು ಹೇಳುತ್ತಾರೆ, ಎದೆಹಾಲಿಗೆ ಹೇಳುವುದಿಲ್ಲ. ಅಷ್ಟು ದೊಡ್ಡ ಮೂರ್ಖತನ ನಮ್ಮವರಿಗೆ ಮಾತ್ರ ಸಾಧ್ಯ.

"ಹಾಲು ಸುಳ್ಳು," ಎಂದೆ. "ಹುಡುಗಿಯನ್ನ ಹೊರಗೆ ತರೋಕೆ ಹಾಲಿನ ಕಾಗದ, ದೇಶ ದಾಟಿಸೋಕೆ ಮದುವೆ ಕಾಗದ. ಒಂದು ನಮ್ಮ ಕಪಾಟಲ್ಲಿರುತ್ತೆ, ಇನ್ನೊಂದು ನ್ಯಾಯಾಲಯದ ಕಪಾಟಿಗೆ ಹೋಗುತ್ತೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋರು ಯಾರು?"

"ಹಸ್ನಾಗೆ ಹೋದ ಸೋಮವಾರ ಹದಿನೆಂಟು ತುಂಬಿತು," ಎಂದಳು ಚಾಮಾ. ಅವಳಿಗೆ ಹತ್ತೊಂಬತ್ತು. ಬೀದಿಯಲ್ಲಿ ಒಂದು ವರ್ಷದ ಅಂತರವೆಂದರೆ ಅಕ್ಕ ಎಂದೇ ಅರ್ಥ. "ಅದಕ್ಕೇ ಕಾಯ್ತಿದ್ರು ಅಲ್ವಾ? ದಿನ ಎಣಿಸ್ತಾ ಕೂತಿದ್ರು. ನಾನೂ ಬರ್ತೀನಿ."

"ಬರಬೇಡ."

"ಬರ್ತೀನಿ ಅಂದೆನಲ್ಲ. ಹಜ್ಜಾ ಗಡ್ಡ ಕಿತ್ತು ಕೈಗೆ ಕೊಡ್ತೀನಿ."

"ಅವಳಿಗೆ ಗಡ್ಡ ಇಲ್ಲ."

"ಬೆಳೆಸಿ ಕೀಳ್ತೀನಿ."

ಈ ಹುಡುಗಿ ಯಾರ ಮಾತನ್ನೂ ಕೇಳುವವಳಲ್ಲ. ಮೂರು ಆಸರೆ ಮನೆಗಳಿಂದ ಗೋಡೆ ಹಾರಿದವಳು. ಆದರೆ ಈ ಫೋಟೊ ತಂದವಳು ಯಾರೆಂದು ಆ ಜನಕ್ಕೆ ತಿಳಿದರೆ ಇವಳನ್ನು ಉಳಿಸುವುದಿಲ್ಲ. ನಾನು ಅವಳ ಎರಡೂ ಭುಜ ಹಿಡಿದೆ.

"ನೋಡು ಚಾಮಾ, ಜೀವಮಾನದಲ್ಲಿ ಒಂದೇ ಒಂದು ಸಲ ನನ್ನ ಮಾತು ಕೇಳು. ಈ ಬಾಗಿಲು ದಾಟಬೇಡ. ನಾನು ಬರಬೇಕು, ಇಲ್ಲ ನನ್ನ ಹೆಸರು ಹೇಳ್ಕೊಂಡು ಯಾರಾದರೂ ಬರಬೇಕು. ಬೇರೆ ಯಾರು ಕರೆದರೂ ಹೋಗಬೇಡ. ಆಯ್ತಾ?"

ಅವಳು ಮೂತಿ ತಿರುವಿದಳು. ಆಮೇಲೆ, "ಆಯ್ತು," ಎಂದಳು.

ನಾನು ಎರಡೂ ಹಾಳೆಗಳನ್ನು ಮಡಿಚಿ ಚೀಲಕ್ಕೆ ತುರುಕಿಕೊಂಡು, ಠಾಣೆಯ ಇಬ್ಬರನ್ನು ಹತ್ತಿಸಿಕೊಂಡು ಹೊರಟೆ.

*

ಹಜ್ಜಾ ತಾಮುವಿನ ಮನೆಯ ಬಾಗಿಲಲ್ಲಿ ಇಬ್ಬರು ಹೆಂಗಸರು ಬಂದವರಿಗೆಲ್ಲ ಹಾಲು, ಖರ್ಜೂರ ಹಿಡಿದು ನಿಂತಿದ್ದರು. ನನ್ನ ಮುಂದೂ ಬಟ್ಟಲು ಬಂತು.

"ಬಾ ಮಗಳೇ, ಬಾ. ಮದುವೆ ಮನೆಗೆ ಕರೀದೆ ಬಂದೋರೂ ನೆಂಟರೇ," ಎಂದು ಹಜ್ಜಾ ತಾನೇ ಎದ್ದು ಬಂದಳು. ಅರವತ್ತರ ಹತ್ತಿರದವಳು. ತುಂಬಿದ ಕೆನ್ನೆ, ಬಿಳಿಯ ಶಾಲು, ಬಾಯಲ್ಲಿ ಮಾತೆಲ್ಲ ಬೆಲ್ಲ.

"ಹಾಲು ಆಮೇಲೆ ಕುಡೀತೀನಿ ಹಜ್ಜಾ. ಈ ಮನೆ ಹಾಲಿನ ಮೇಲೆ ಸಣ್ಣದೊಂದು ವಿಚಾರಣೆ ಇದೆ."

ಹಜಾರದಲ್ಲಿ ನಲವತ್ತು ಜನರಿದ್ದರು. ನಿಕಾಹ್ ಬರೆಯುವ ಇಬ್ಬರು ಅದೂಲರು ಬಿಳಿ ನಿಲುವಂಗಿ ತೊಟ್ಟು, ಬಾದಾಮಿ ಬಿಸ್ಕತ್ತು ಸರಿಸಿ, ಪುಸ್ತಕ ಬಿಡಿಸಿಕೊಂಡಿದ್ದರು. ಮೂವತ್ತು ದಾಟಿದ ಮರ್ವಾನ ಬಿಗಿಯಾದ ಕೋಟಿನಲ್ಲಿ ಬೆವರುತ್ತಿದ್ದ. ಎತ್ತರದ ಪೀಠದ ಮೇಲೆ ಹಸಿರು ರೇಷ್ಮೆಯೊಳಗೆ ಹುದುಗಿ ಒಂದು ಸಣ್ಣ ಹುಡುಗಿ ಕೂತಿದ್ದಳು. ಅಂಗೈಗಳು ಮೇಲ್ಮುಖವಾಗಿ ತೊಡೆಯ ಮೇಲಿದ್ದವು. ಆ ಸುಟ್ಟ ಕಲೆ ಬಾಗಿಲಿನಿಂದಲೇ ಕಂಡಿತು.

"ಬರೀಬೇಡಿ," ಎಂದೆ ಅದೂಲರಿಗೆ. "ಮದುಮಗಳು ಮದುಮಗನ ತಂಗಿ."

ಮದುವೆಯ ಖುಷಿಗೆ ಉಲಿಯುತ್ತಿದ್ದ ಹೆಂಗಸರ ದನಿ ಬಾಯಲ್ಲೇ ನಿಂತಿತು.

"ಏನಂದ್ರಿ? ಅಸ್ತಗ್ಫಿರುಲ್ಲಾ!" ಎಂದು ಹಿರಿಯ ಅದೂಲ ಲೇಖನಿ ಕೆಳಗಿಟ್ಟ.

ನಾನು ಮೊದಲ ಹಾಳೆಯನ್ನು ಗಟ್ಟಿಯಾಗಿ ಓದಿದೆ. 'ನನ್ನ ಮಕ್ಕಳೆಲ್ಲ ಆಕೆಗೆ ಒಡಹುಟ್ಟಿದವರು' ಎಂಬಲ್ಲಿಗೆ ಬಂದಾಗ ಯಾರೋ ಒಬ್ಬಳು ಎದೆ ಬಡಿದುಕೊಂಡಳು. "ತಾಮು, ಇದೇನೇ ಇದು? ನೀನು ಹಾಲು ಕೊಟ್ಟ ಹುಡುಗೀನಾ ಇವಳು?" ಎಂದು ಹಜ್ಜಾಳ ಸ್ವಂತ ಅಕ್ಕನೇ ಕೇಳಿದಳು. ಮರ್ವಾನ ತಾಯಿಯ ಮುಖ ನೋಡಿದ. ಪೀಠದ ಮೇಲಿನ ಹುಡುಗಿ ತಲೆಯೆತ್ತಿ, ಬಾಯಿ ತೆರೆದುಕೊಂಡು, ನನ್ನನ್ನೇ ನೋಡುತ್ತಿದ್ದಳು. ಹಾಲಿನ ಮಾತು ಅವಳ ಕಿವಿಗೆ ಬಿದ್ದದ್ದು ಇದೇ ಮೊದಲು. ಆ ಮುಖ ನೋಡಿದ ಯಾರಿಗಾದರೂ ಅದು ತಿಳಿಯುತ್ತಿತ್ತು.

ಹಜ್ಜಾ ಮಾತ್ರ ನಕ್ಕಳು. ನನ್ನ ಮೊಣಕೈ ಹಿಡಿದು ಪಕ್ಕದ ಕೋಣೆಗೆ ಕರೆದೊಯ್ದು ಬಾಗಿಲು ಸರಿಸಿದಳು.

"ಚೆನ್ನಾಗಿ ಓದಿದೆ. ಇಸ್ಕೂಲಲ್ಲಿ ಬಹುಮಾನ ಬರ್ತಿತ್ತಾ ನಿನಗೆ? ಈಗ ಹೇಳು, ಹಾಲು ನಿಜವೋ ಸುಳ್ಳೋ?"

"ನೀವೇ ಹೇಳಿ."

"ನಾನ್ಯಾಕೆ ಹೇಳ್ಲಿ? ನೀನು ಹೇಳು. ನಿಜ ಅನ್ನು. ಮದುವೆ ನಿಲ್ಲುತ್ತೆ, ವಯಸ್ಸಾಯ್ತು ಮರೆತೆ ಅಂತ ನಾಲ್ಕು ಹನಿ ಕಣ್ಣೀರು ಹಾಕ್ತೀನಿ. ಆದ್ರೆ ಹುಡುಗಿ ನನ್ನ ಹಾಲುಮಗಳು, ನನ್ನ ಮನೇಲೇ ಇರ್ತಾಳೆ. ನಿಮ್ಮ ಕಾಗದವೇ ಹಾಗನ್ನುತ್ತೆ. ಆಮೇಲೆ ಅವಳನ್ನ ಎಲ್ಲಿಗೆ ಕಳಿಸ್ತೀನೋ ನನ್ನಿಷ್ಟ."

"ಸುಳ್ಳು ಅಂದ್ರೆ?"

"ಆವಾಗ ಎರಡನೇ ಹಾಳೆ ತಿರುಗಿಸು. ನೀನು ಇನ್ನೂ ಓದಿಲ್ಲ ಅನ್ನಿಸುತ್ತೆ. ಓದೋ ಅಭ್ಯಾಸ ನಿನಗೆ ಆವಾಗ್ಲೂ ಇರ್ಲಿಲ್ಲ."

ಚೀಲದಿಂದ ಎರಡನೆಯ ಹಾಳೆ ತೆಗೆದೆ. ನಾಲ್ಕು ಸಾಲು.

'ಹುಡುಗಿಯನ್ನು ಒಬ್ಬಳನ್ನೇ ಕೂರಿಸಿಕೊಂಡು ಕೇಳಿದ್ದೇನೆ. ಹಾಲಿನ ನಂಟು ಆಕೆಗೆ ತಿಳಿದಿದೆ. ಯಾರ ಬಲವಂತವೂ ಇಲ್ಲ. ಸ್ವಂತ ಇಚ್ಛೆಯಿಂದ ಹೋಗುತ್ತಿದ್ದಾಳೆ.'

ಕೆಳಗೆ ನನ್ನ ಸಹಿ.

ಕಳ್ಳ ಸಹಿಯಾಗಿದ್ದರೆ ಎಂದು ಒಂದು ಕ್ಷಣ ಆಸೆಪಟ್ಟೆ. ಆದರೆ ಸಹಿಯ ಪಕ್ಕದಲ್ಲೇ ಹಳದಿ ಎಣ್ಣೆಯ ಹೆಬ್ಬೆಟ್ಟಿನ ಗುರುತಿತ್ತು. ಕುಸ್ಕುಸಿನ ಕೇಸರಿ ಎಣ್ಣೆ. ನನಗೆಲ್ಲ ನೆನಪಾಯಿತು. ಶುಕ್ರವಾರದ ಊಟ, ಒಂದೇ ಹರಿವಾಣದ ಸುತ್ತ ನಾವೆಲ್ಲ, ಹೊಟ್ಟೆ ತುಂಬಿದ ಮೇಲೆ ಬರುವ ಆ ಸುಖದ ಜೋಂಪು, ಪಕ್ಕದಲ್ಲಿ ಹಾಳೆಗಳ ಕಟ್ಟು. ಒಟ್ಟಿಗೆ ಕೂತು ಉಂಡವರ ಮೇಲೆ ಅನುಮಾನಪಟ್ಟು ಕಾಗದ ಓದುವುದು ನಮ್ಮಲ್ಲಿ ಮರ್ಯಾದೆಯಲ್ಲ. ನಾನು ಸಹಿ ಹಾಕುತ್ತಾ ಹೋಗುತ್ತಿದ್ದೆ. ಎಷ್ಟು ಶುಕ್ರವಾರ? ಎಷ್ಟು ಹಾಳೆ?

ಹಸ್ನಾಳ ಮುಖ ನನಗೆ ನೆನಪಾಗದಿದ್ದುದಕ್ಕೆ ಕಾರಣ ಸಿಕ್ಕಿತು. ನಾನು ಅವಳನ್ನು ನೋಡಿಯೇ ಇರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಆ ಬೇಲಿ ನಾನಾಗಿದ್ದೆ.

"ಹಾಲು ಸುಳ್ಳಾದ್ರೆ ನಿನ್ನ ಸಹಿಯೂ ಸುಳ್ಳು," ಎಂದಳು ಹಜ್ಜಾ, ನನ್ನ ಶಾಲಿನ ಮಡಿಕೆ ಸರಿಪಡಿಸುತ್ತಾ. "ನೌಕರಿ ಹೋಗುತ್ತೆ. ಸಮುದ್ರದಾಚೆ ಸಿಕ್ಕಳಲ್ಲ, ಆ ಹುಡುಗಿ ಕಾಗದದ ಮೇಲೂ ನಿನ್ನದೇ ಸಹಿ ಇದ್ಯೇನೋ, ನೋಡ್ಕೋ. ಜೈಲಲ್ಲಿ ನನ್ನ ಪಕ್ಕದ ಹಾಸಿಗೆ ನಿನಗೇ ಕೊಡಿಸ್ತೀನಿ. ಅದಕ್ಕೇ ಜಾಣೆ ಹಂಗೆ ಹಾಲು ಕುಡಿ, ಖರ್ಜೂರ ತಿನ್ನು, ನಿಜ ಅಂತ ಹೇಳಿ ಹೋಗು."

ಹಜಾರದಲ್ಲಿ ಯಾರೋ ಕೆಮ್ಮಿದರು. ಎರಡು ವರ್ಷಕ್ಕೆ ನಿವೃತ್ತಿ ಎಂದು ನೆನಪಾಯಿತು, ನಾಚಿಕೆಯಿಲ್ಲದೆ ಅದೇ ಮೊದಲು ನೆನಪಾಯಿತು. ಆಮೇಲೆ ಆ ಸುಟ್ಟ ಕಲೆ ನೆನಪಾಯಿತು. ಅದರ ಮೇಲೆ ಚಾಮಾ ಬಳಿದ ಟೂತ್‌ಪೇಸ್ಟ್.

ಬಾಗಿಲು ತಳ್ಳಿ ಹಜಾರಕ್ಕೆ ಬಂದೆ.

"ಎಲ್ಲರೂ ಕೇಳಿ. ಹಾಲು ಸುಳ್ಳು. ಈ ಹೆಂಗಸು ಈ ಹುಡುಗಿಗೆ ಒಂದು ತೊಟ್ಟೂ ಹಾಲು ಕೊಟ್ಟಿಲ್ಲ. ಹುಡುಗಿಯನ್ನ ಕೇಳಿದೀನಿ ಅಂತ ಸಹಿ ಹಾಕಿದವಳು ನಾನು. ಕೇಳಿರಲಿಲ್ಲ. ಓದದೇ ಹಾಕಿದೆ. ನನ್ನ ಹೆಸರು ಜುಬೈದಾ ತಮ್ಸಮಾನಿ. ಬರ್ಕೊಳ್ಳಿ, ನಿಮ್ಮ ಪುಸ್ತಕದಲ್ಲೇ ಬರ್ಕೊಳ್ಳಿ."

ಹಿರಿಯ ಅದೂಲ ಲೇಖನಿಗೆ ಮುಚ್ಚಳ ಹಾಕಿದ. ಆಮೇಲೆ ಪುಸ್ತಕ ಮುಚ್ಚಿದ. ಮರ್ವಾನ ಎದ್ದು ಹಿತ್ತಿಲ ಬಾಗಿಲಿಗೆ ಓಡಿದ; ನನ್ನ ಜೊತೆಗೆ ಬಂದವರು ಅಲ್ಲೇ ಹಿಡಿದರು. ಅವನ ಕೋಟಿನ ಒಳಜೇಬಿನಲ್ಲಿ ಹಸ್ನಾಳ ಪಾಸ್‌ಪೋರ್ಟ್ ಸಿಕ್ಕಿತು. ಹಜ್ಜಾ ಮಾತ್ರ ಓಡಲಿಲ್ಲ. ಹೋಗಿ ಸೋಫಾದ ಮೇಲೆ ಕೂತು, ಬಾದಾಮಿ ಬಿಸ್ಕತ್ತು ಮುರಿದು ಬಾಯಿಗಿಟ್ಟುಕೊಂಡಳು. ಆ ನೆಮ್ಮದಿ ನನಗೆ ಸರಿಬರಲಿಲ್ಲ.

ನಾನು ಪೀಠದ ಮುಂದೆ, ಹೋದ ಮಂಡಿಯನ್ನೇ ಊರಿ ಕೂತೆ. ಹುಡುಗಿಯ ಮೆಹೆಂದಿಯ ಕೈಗಳು ತಣ್ಣಗಿದ್ದವು.

"ಹಸ್ನಾ, ನನ್ನನ್ನ ಕ್ಷಮಿಸು. ಯಾರೂ ನಿನ್ನನ್ನ ಒಂದು ಮಾತು ಕೇಳಲಿಲ್ಲ. ನಾನು ಕೇಳಬೇಕಿತ್ತು."

"ಕೇಳಿದ್ರಲ್ಲ," ಎಂದಳು ಅವಳು, ಇನ್ನೂ ಬೆಚ್ಚಿದ ದನಿಯಲ್ಲಿ.

"ಯಾರು?"

"ಪೊಲೀಸ್ ಅಮ್ಮ. ಹಸಿರು ಬಾಗಿಲಲ್ಲೇ, ಅಡುಗೆಮನೆ ಹಿಂದಿನ ಕೋಣೇಲಿ. ಪೊಲೀಸ್ ಹೆಂಗಸು ಕೇಳೋವರೆಗೂ ನಾನು ಹೋಗಲ್ಲ ಅಂತ ಹಟ ಮಾಡಿದ್ದೆ, ಗೋಡೆ ಮೇಲೆ ಬರ್ದಿದೆಯಲ್ಲ. ಅದಕ್ಕೇ ಬಂದ್ರು. ಒಳ್ಳೇ ಮನೆ ಇದೆ ಹೋಗ್ತೀಯಾ ಅಂದ್ರು, ಹೂಂ ಅಂದೆ. ಹಾಲಿನ ಮಾತು ಹೇಳ್ಲಿಲ್ಲ. ತಲೆ ಸವರಿದ್ರು. ಜುಬೈದಾ ತಮ್ಸಮಾನಿ ಅಂತ ಹೆಸರು."

"ಮಗಳೇ, ಜುಬೈದಾ ತಮ್ಸಮಾನಿ ನಾನು."

ಅವಳು ನನ್ನ ಮುಖವನ್ನು ಹಣೆಯಿಂದ ಗಲ್ಲದವರೆಗೂ ನೋಡಿದಳು.

"ಅಲ್ಲ," ಎಂದಳು. "ಅವರು ನಿಮಗಿಂತ ಎತ್ತರ. ಕನ್ನಡಕಕ್ಕೆ ನೀಲಿ ಮಣಿ ಸರ ಕಟ್ಟಿದ್ರು."

ಹಿಂದಿನಿಂದ ಬಿಸ್ಕತ್ತು ಮುರಿದ ಸದ್ದು ಕೇಳಿತು. ತಿರುಗಿದೆ. ಹಜ್ಜಾ ನನ್ನನ್ನಲ್ಲ, ಗೋಡೆಯ ಗಡಿಯಾರವನ್ನು ನೋಡುತ್ತಿದ್ದಳು.

ನನ್ನ ಹೆಸರು. ನನ್ನ ಹೆಸರು ಹೇಳಿಕೊಂಡು ಬರುವ ಹೆಂಗಸು.

ಫೋನ್ ತೆಗೆದು ಹಸಿರು ಬಾಗಿಲಿಗೆ ಕರೆ ಮಾಡಿದೆ. ಲಹಬೀಬ್ ಮೊದಲ ರಿಂಗಿಗೇ ಎತ್ತಿದ.

"ಹೇಳಿ ಲಲ್ಲಾ! ಹಸ್ನಾ ಸಿಕ್ಕಿದಳಾ? ಚಾಮಾ ಬಂದು ತಲುಪಿದಳಾ?"

"ಚಾಮಾ ಎಲ್ಲಿಗೆ ಬರಬೇಕಿತ್ತು?"

"ನಿಮ್ಮ ಹತ್ರಕ್ಕೆ. ನೀವೇ ತಾನೇ ಕರೆಸಿದ್ದು? ನೀವು ಹೊರಟ ಹತ್ತು ನಿಮಿಷಕ್ಕೆ ಒಬ್ರು ಮೇಡಂ ಕಾರಲ್ಲಿ ಬಂದ್ರು. ಚಾಮಾ ಮೊದಲು ಜಗ್ಗಲೇ ಇಲ್ಲ, ಬಾಗಿಲು ಹಿಡ್ಕೊಂಡು ನಿಂತಿದ್ದಳು. ಜುಬೈದಾ ಲಲ್ಲಾ ಕಳಿಸಿದಾರೆ, ಹಸ್ನಾ ಅಳ್ತಿದಾಳೆ ಬಾ ಅಂದ್ಮೇಲೆ..."

"ಕನ್ನಡಕ ಇತ್ತಾ?"

"ಇತ್ತು. ಯಾಕೆ ಲಲ್ಲಾ? ಮಣಿ ಸರ ಕಟ್ಟಿದ್ರು, ನೀಲಿದು."

ಚಾಮಾಳ ಭುಜ ಹಿಡಿದು ನಾನು ಆ ಮಾತು ಹೇಳುವಾಗ ಆ ಕೋಣೆಯಲ್ಲಿದ್ದವರು ನಾವು ನಾಲ್ವರೇ. ನಾನು, ಚಾಮಾ, ಲಹಬೀಬ್, ಚಹಾದ ತಟ್ಟೆ ಹಿಡಿದ ಘನ್ನು.

"ಲಲ್ಲಾ? ಕೇಳಿಸ್ತಿದ್ಯಾ? ಹೋಗೋವಾಗ ಚಾಮಾ ನಿಮಗೆ ಹೇಳಿ ಅಂತ ಒಂದು ಮಾತು ಹೇಳಿ ಹೋದಳು. ನಗ್ತಾ ಹೇಳಿದಳು," ಎಂದ ಲಹಬೀಬ್. "'ನೋಡಿ ಸಿದಿ, ಜೀವಮಾನದಲ್ಲಿ ಒಂದು ಸಲ ಜುಬೈದಾ ಲಲ್ಲಾ ಮಾತು ಕೇಳಿದೆ' ಅಂದಳು."